ಅಕ್ಕನ ಇಪ್ಪತ್ತು ನಿಮಿಷ

ಆ ನಗರಕ್ಕೆ ಇಲ್ಲಿಂದ ಏಳು ಸಾವಿರದ ಇನ್ನೂರ ಹದಿನಾಲ್ಕು ಕಿಲೋಮೀಟರ್. ಅಷ್ಟನ್ನು ಶಾಲೆಗೆ ಹೋಗುವ ಮಕ್ಕಳೂ ಫೋನ್ ಒತ್ತಿ ಹೇಳಿಬಿಡುತ್ತಾರೆ. ಹಾರಾಟ ಎಷ್ಟು ಹೊತ್ತು ಎಂದು ಕೇಳಿದರೆ ಅದೇ ಫೋನು ಎಂಟು ಗಂಟೆ ನಲವತ್ತು ನಿಮಿಷ ಎಂದು ಹೇಳಿ ಕೈ ತೊಳೆದುಕೊಳ್ಳುತ್ತದೆ. ಆ ಎಂಟು ನಲವತ್ತು, ವರ್ಷದಲ್ಲಿ ಹತ್ತು ದಿನ ನಿಜವಾದರೆ ಹೆಚ್ಚು. ಮಿಕ್ಕ ದಿನ ಗಾಳಿ ಬೆನ್ನಿಗಿದ್ದರೆ ಎಂಟೂಕಾಲು, ಎದುರಿಗಿದ್ದರೆ ಒಂಬತ್ತೂಕಾಲು. ದಿನಾ ಕೂತು ಅದನ್ನು ಲೆಕ್ಕ ಹಾಕುವವರು ಒಬ್ಬರಿರುತ್ತಾರೆಂಬುದು ವಿಮಾನದಲ್ಲಿ ಒರಗಿಕೊಂಡು ಹಣ್ಣಿನ ರಸ ಕುಡಿಯುವ ಯಾರಿಗೂ ಹೊಳೆಯುವುದಿಲ್ಲ. ಹೊಳೆಯಬೇಕಾಗಿಯೂ ಇಲ್ಲ ಬಿಡಿ.

ಇಲ್ಲಿ ಆ ಲೆಕ್ಕ ಹಾಕುತ್ತಿದ್ದವಳನ್ನು ಆಫೀಸಿನಲ್ಲಿ ಎಲ್ಲರೂ ಗಾಳಿಯಕ್ಕ ಎನ್ನುತ್ತಿದ್ದರು. ವಿಮಾನ ನಿಲ್ದಾಣದ ಎರಡನೇ ಮಹಡಿಯಲ್ಲಿ, ಕಿಟಕಿಯೇ ಇಲ್ಲದ ಒಂದು ಕೋಣೆಯಲ್ಲಿ, ಇಪ್ಪತ್ತಾರು ವರ್ಷದಿಂದ ಅವಳು ಆಕಾಶ ನೋಡಿಕೊಂಡಿದ್ದಳು. ಆರು ಪರದೆ, ಒಂದು ನೀರು ಕಾಯಿಸುವ ಜಗ್ಗು, ಬೆನ್ನುನೋವಿಗೆಂದು ಮನೆಯಿಂದ ತಂದ ಒಂದು ದಿಂಬು, ಇಷ್ಟೇ ಅವಳ ರಾಜ್ಯ. ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಎತ್ತರದಲ್ಲಿ, ಎಷ್ಟು ಇಂಧನ ಹಾಕಿಕೊಂಡು, ಇಳಿಯಬೇಕಾದಲ್ಲಿ ಇಳಿಯಲಾಗದಿದ್ದರೆ ಮತ್ತೆಲ್ಲಿ ಇಳಿಯಬೇಕು ಎಂಬುದನ್ನೆಲ್ಲ ಹಾಳೆಯ ಮೇಲೆ ಇಳಿಸಿ ಕೊಡುವುದು ಅವಳ ಕೆಲಸ. ಆ ಹಾಳೆಗೆ ಪೈಲಟ್ ಸಹಿ ಹಾಕಿದ ಮೇಲೆಯೇ ವಿಮಾನ ಕದಲುವುದು. ಮನೆಯಲ್ಲಿ ಅವಳ ಗಂಡ ಮಾತ್ರ, "ನಮ್ಮವಳಿಗೆ ದೇಶ ದೇಶದ ಗಾಳಿ ಗೊತ್ತು, ಅಡುಗೆಮನೆ ಕಿಟಕಿ ತೆಗೀಬೇಕು ಅನ್ನೋದು ಗೊತ್ತಾಗಲ್ಲ" ಎಂದು ಬಂದವರೆದುರು ಹೇಳಿ ನಗುತ್ತಿದ್ದ.

ಅವಳದೊಂದು ಹಠವಿತ್ತು. ಆ ದೂರದ ನಗರ ಸಮುದ್ರದ ದಡದಲ್ಲಿದೆ. ವರ್ಷದ ಎರಡು ತಿಂಗಳು ಅಲ್ಲಿ ಸಂಜೆಯ ಹೊತ್ತಿಗೆ ಸಮುದ್ರದ ಕಡೆಯಿಂದ ಮಂಜು ನುಗ್ಗುತ್ತದೆ. ಹೇಳದೆ ಕೇಳದೆ ಬಂದು ಹತ್ತು ನಿಮಿಷದಲ್ಲಿ ರನ್‌ವೇಯನ್ನೇ ಮುಚ್ಚಿಬಿಡುತ್ತದೆ. ಆ ಎರಡು ತಿಂಗಳು ಗಾಳಿಯಕ್ಕ ನಿಯಮ ಕೇಳುವ ಇಂಧನದ ಮೇಲೆ ಇನ್ನೂ ಇಪ್ಪತ್ತು ನಿಮಿಷದ್ದು ಸೇರಿಸಿಯೇ ತೀರುತ್ತಿದ್ದಳು. ಮೇಲಿನವರು ಎರಡು ಸಲ ಕರೆಸಿ, ಇದೆಲ್ಲ ದಂಡ ಎಂದಿದ್ದರು. ಅವಳು ತಲೆಯಾಡಿಸಿ ಬಂದು ಮಾರನೆಯ ದಿನವೂ ಸೇರಿಸಿದ್ದಳು. ಕಡೆಗೆ ಅವರೇ ಸುಸ್ತಾದರು. ಆಫೀಸಿನಲ್ಲಿ ಅದಕ್ಕೆ 'ಅಕ್ಕನ ಇಪ್ಪತ್ತು ನಿಮಿಷ' ಎಂದೇ ಹೆಸರು ಬಿತ್ತು.

ಹಠ ಸುಮ್ಮನೆ ಬಂದದ್ದಲ್ಲ. ಹದಿನಾಲ್ಕು ವರ್ಷದ ಹಿಂದೆ ಅವಳು ಹಾಳೆ ಬರೆದುಕೊಟ್ಟ ಒಂದು ವಿಮಾನ ಆ ಮಂಜಿನ ಮೇಲೆ ಸುತ್ತು ಹೊಡೆದು, ಇಳಿಯಲಾಗದೆ, ಪಕ್ಕದ ಊರಿಗೆ ಹೋಗಿ ಇಳಿದಾಗ ಟ್ಯಾಂಕಿನಲ್ಲಿ ಉಳಿದದ್ದು ಕೆಲವೇ ನಿಮಿಷದ ಇಂಧನ. ಯಾರಿಗೂ ಏನೂ ಆಗಲಿಲ್ಲ. ಪ್ರಯಾಣಿಕರು ತಡವಾಯಿತೆಂದು ಗೊಣಗಿಕೊಂಡು ಇಳಿದುಹೋದರು. ಪೈಲಟ್ ಮಾತ್ರ ಅಲ್ಲಿಂದಲೇ ಫೋನ್ ಮಾಡಿ, "ಮೇಡಂ, ನಿಮ್ಮ ಹಾಳೆಯಲ್ಲಿ ಒಂದು ತಪ್ಪೂ ಇರಲಿಲ್ಲ" ಎಂದಿದ್ದ. ಅವನು ಬೈದಿದ್ದರೆ ಅವಳು ಮರೆಯುತ್ತಿದ್ದಳೋ ಏನೋ.

ಆ ನಗರದಲ್ಲಿ ಅವಳ ತಂಗಿಯಿದ್ದಳು. ಇಪ್ಪತ್ತು ವರ್ಷದ ಹಿಂದೆ ಅಲ್ಲಿನವನೊಬ್ಬನನ್ನು ಮದುವೆಯಾಗಿ ಹೋದವಳು. ಅಕ್ಕ ಎಷ್ಟು ಮಾತಿಲ್ಲದವಳೋ ತಂಗಿ ಅಷ್ಟು ಬಾಯಾಳಿ. ಚಿಕ್ಕಂದಿನಲ್ಲಿ ಅಕ್ಕನ ಪಾಲಿನ ಜಗಳವನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. ಈಗ ಅಲ್ಲಿ ಗಂಡನದು ಬೇರೆ ಭಾಷೆ, ಮಗನದೂ ಅದೇ. ಇಬ್ಬರಿಗೂ ತಂಗಿಯ ಭಾಷೆಯಲ್ಲಿ 'ಬಾ', 'ಊಟ', 'ಸಾಕು' ಎಂಬ ಮೂರು ಮಾತು ಬರುತ್ತಿತ್ತು. ಅದರಲ್ಲಿ 'ಸಾಕು' ಎಂಬುದನ್ನು ಬಹಳ ಚೆನ್ನಾಗಿ ಕಲಿತಿದ್ದಾರೆ ಎಂದು ಅವಳೇ ನಗುತ್ತಿದ್ದಳು.

ಆ ತಂಗಿಯ ಗಂಟಲಿಗೆ ಕಾಯಿಲೆ ಬಂತು. ಮೊದಲು ಸ್ವರ ಒಡೆದಿತ್ತು, ಶೀತ ಎಂದುಕೊಂಡರು. ಆಮೇಲೆ ಶೀತವಲ್ಲ ಎಂದು ಗೊತ್ತಾಯಿತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ತೆಗೆದರೆ ಜೀವಕ್ಕೆ ಭಯವಿಲ್ಲ ಎಂದರು ವೈದ್ಯರು. ಮುಂದೆ ಯಂತ್ರವಿಟ್ಟು ಮಾತಾಡಬಹುದಂತೆ, ಆದರೆ ಆ ಸ್ವರ ಅವಳದಾಗಿರುವುದಿಲ್ಲ. ಇನ್ನು ಎರಡು ವಾರಕ್ಕೆ ಆಪರೇಷನ್ ಎಂದು ಗೊತ್ತಾಗಿತ್ತು. ಅಕ್ಕ ರಜೆಗೆ ಬರೆದುಕೊಟ್ಟು ಅದಕ್ಕೆ ಮೂರು ದಿನ ಮೊದಲೇ ಹೋಗುವುದೆಂದು ನಿಶ್ಚಯಿಸಿದ್ದಳು. ಇಪ್ಪತ್ತು ವರ್ಷದಲ್ಲಿ ಅವಳು ಅಲ್ಲಿಗೆ ಹೋಗಿದ್ದು ಎರಡೇ ಸಲ. ನೌಕರರಿಗೆ ಸೀಟು ಪುಕ್ಕಟೆ ಸಿಗುವಾಗ ಹೋಗದೆ ಉಳಿದದ್ದಕ್ಕೆ ಅವಳಲ್ಲಿ ಹೇಳಿಕೊಳ್ಳುವಂಥ ಕಾರಣವಿರಲಿಲ್ಲ. ಈ ಸಲ ಮಕ್ಕಳ ಪರೀಕ್ಷೆ, ಮುಂದಿನ ಸಲ ಇನ್ನೇನೋ. ದಿನಾ ಆ ದಾರಿಯನ್ನು ಹಾಳೆಯ ಮೇಲೆ ಎಳೆಯುತ್ತಿದ್ದವಳಿಗೆ ತಾನೂ ಹೋಗಿಬಂದಂತೆಯೇ ಅನ್ನಿಸುತ್ತಿತ್ತೇನೋ, ಅದು ಅವಳಿಗೇ ಗೊತ್ತು.

ಅಷ್ಟರಲ್ಲಿ ಒಂದು ಸಂಜೆ ತಂಗಿಯ ಫೋನ್ ಬಂತು. ಸ್ವರ ಮರದ ಮೇಲೆ ಉಪ್ಪುಕಾಗದ ಉಜ್ಜಿದ ಹಾಗಿತ್ತು.

"ಅಕ್ಕಾ, ನಾಡಿದ್ದು ಬೆಳಗ್ಗೆಗೇ ಇಟ್ಬಿಟ್ರು. ಇನ್ನು ಕಾಯೋ ಹಾಗಿಲ್ವಂತೆ. ನಾಳೆ ಮಧ್ಯಾಹ್ನ ಸೇರ್ಕೋಬೇಕು, ರಾತ್ರಿ ಒಂಬತ್ತಕ್ಕೆ ಮಾತ್ರೆ ಕೊಟ್ಟು ಮಲಗಿಸ್ತಾರೆ. ನೀನು ಅಷ್ಟರೊಳಗೆ ಬರ್ತೀಯೋ ಇಲ್ವೋ?"

"ಬರ್ತೀನಿ. ಫೋನಲ್ಲಿ ಜಾಸ್ತಿ ಮಾತಾಡ್ಬೇಡ, ಗಂಟಲು."

"ಗಂಟಲು ಯಾರಿಗೆ ಉಳಿಸ್ತಿದೀನಿ ಗೊತ್ತಾ? ಒಂದು ವಾರದಿಂದ ಇವರಿಬ್ಬರ ಹತ್ರಾನೂ ಬರೀ ಕೈಸನ್ನೆ. ಎಲ್ಲ ನಿನಗೇ ಅಂತ ಇಟ್ಕೊಂಡಿದೀನಿ. ಕೊನೇ ಮಾತು ನಮ್ಮ ಭಾಷೇಲೇ ಆಡ್ಬೇಕು ಕಣೇ. ನರ್ಸಿಗೆ ಅವಳ ಭಾಷೇಲಿ ನೀರು ಕೊಡಿ ಅಂದು ಬಾಯಿ ಮುಚ್ಕೊಳ್ಳೋಕಾಗಲ್ಲ ನನ್ನ ಕೈಲಿ."

"ವಿಡಿಯೋದಲ್ಲಾದ್ರೂ..."

"ಅದ್ರಲ್ಲಿ ನಿನ್ನ ಮೂಗು ಬಿಟ್ಟು ಏನೂ ಕಾಣಲ್ಲ. ಎದುರಿಗೆ ಬಂದು ಕೂತ್ಕೋ. ಇಪ್ಪತ್ತು ವರ್ಷದ ಬೈಗುಳ ಬಾಕಿ ಇದೆ."

ಆ ನಗರಕ್ಕೆ ದಿನಕ್ಕೆ ಒಂದೇ ವಿಮಾನ, ಬೆಳಗ್ಗೆ ಏಳೂವರೆಗೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡು ಗಂಟೆ ಮುಂದು. ಎಂಟು ನಲವತ್ತು ಹಾರಿದರೆ ಅಲ್ಲಿ ಸಂಜೆ ಆರೂ ಹತ್ತು. ಏಳೂಕಾಲಿಗೆ ಆಸ್ಪತ್ರೆ. ಮಾತ್ರೆಗೆ ಮುಂಚೆ ಒಂದೂಮುಕ್ಕಾಲು ಗಂಟೆ ಸಿಗುತ್ತದೆ. ಬೇರೆ ಕಂಪನಿಗಳಲ್ಲಿ ಎರಡು ಕಡೆ ಇಳಿದು ಹತ್ತಿ ಹೋದರೆ ತಲುಪುವುದು ಆಪರೇಷನ್ ಆದ ದಿನ ರಾತ್ರಿ. ಹಾಗಾಗಿ ಇದೊಂದೇ ದಾರಿ. ಇದರಲ್ಲಿ ಟಿಕೆಟ್ ಮಾರಾಟ ಆಗಲೇ ಮುಗಿದಿತ್ತು. ಮೂರು ಸೀಟು ಖಾಲಿ ಉಳಿದಿದ್ದವು, ನೌಕರರ ಪಟ್ಟಿಯಲ್ಲಿ ಅವಳೊಬ್ಬಳದೇ ಹೆಸರು. ನೌಕರರ ಸೀಟು ಎಂದರೆ ಕಡೆಯ ಗಳಿಗೆಯವರೆಗೂ ಖಾತ್ರಿಯಿಲ್ಲ. ಸೀಟೂ ಇರಬೇಕು, ವಿಮಾನ ಹೊರುವ ತೂಕದಲ್ಲೂ ಜಾಗವಿರಬೇಕು. ತೂಕ ಮೀರಿದರೆ ಮೊದಲು ಇಳಿಸುವುದು ನೌಕರರನ್ನೇ, ಆಮೇಲೆ ಸರಕು. ಕಂಪನಿಯ ಕಣ್ಣಿಗೆ ಚಪ್ಪಲಿ ತುಂಬಿದ ಪೆಟ್ಟಿಗೆಗಿರುವ ಮರ್ಯಾದೆ ಇಪ್ಪತ್ತಾರು ವರ್ಷ ದುಡಿದವಳಿಗಿಲ್ಲ.

ಆ ಕೋಣೆಯಲ್ಲಿ ಬರೆದಿಡದ ಒಂದು ಕಟ್ಟಳೆಯಿತ್ತು. ತಾನು ಹತ್ತುವ ವಿಮಾನದ ಹಾಳೆಯನ್ನು ತಾನೇ ಬರೆಯಬಾರದು. ಬರೆಯುವವರಿಗೆ ಹೋಗುವ ಆತುರವಿರಬಾರದು ಎಂಬುದಕ್ಕೆ ಹಳಬರು ಮಾಡಿಟ್ಟದ್ದು. ಅದರಂತೆ ಅವಳು ಆ ವಿಮಾನದ ಹಾಳೆಯನ್ನು ಪೆನ್ಸಿಲ್ ಎಂಬ ಸಹೋದ್ಯೋಗಿಗೆ ಒಪ್ಪಿಸಿದಳು. ಎಲ್ಲ ಕಂಪ್ಯೂಟರಿನಲ್ಲೇ ಆಗುವ ಕಾಲದಲ್ಲೂ ಕಿವಿಯ ಮೇಲೊಂದು ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದ ನಲವತ್ತರ ಗಂಡಸು. ಹದಿನೈದು ವರ್ಷದ ಹಿಂದೆ ಅವನಿಗೆ ಕೆಲಸ ಕಲಿಸಿದವಳು ಅವಳೇ.

ಮಾರನೆಯ ಬೆಳಗ್ಗೆ ಐದೂಮುಕ್ಕಾಲಿಗೆ ಅವಳು ಸೀರೆಯ ಮೇಲೊಂದು ಸ್ವೆಟರ್ ಹಾಕಿಕೊಂಡು, ಚಿಕ್ಕ ಚೀಲ ಹಿಡಿದು ಆಫೀಸಿಗೆ ಬಂದಳು. ಕೆಳಗೆ ಕೌಂಟರಿಗೆ ಹೋಗುವ ಮುಂಚೆ ಸುಮ್ಮನೆ ಹೇಳಿಹೋಗೋಣ ಎಂದು. ಪೆನ್ಸಿಲ್ ಅವಳನ್ನು ಕಂಡವನೇ ಮುಖ ಅರಳಿಸಿದ.

"ಅಕ್ಕಾ, ನಿಮ್ಮ ಸೀಟು ಪಕ್ಕಾ. ತೂಕ ಎಲ್ಲ ಸರಿಹೋಯ್ತು. ಹೋಗಿ, ಆರಾಮಾಗಿ ಹೋಗಿಬನ್ನಿ."

ಹಾಳೆ ಮೇಜಿನ ಮೇಲಿತ್ತು. ನೋಡಬಾರದಿತ್ತು. ಆದರೆ ಇಪ್ಪತ್ತಾರು ವರ್ಷ ಹಾಳೆ ನೋಡಿದ ಕಣ್ಣು ಕೇಳಿ ನೋಡುತ್ತದೆಯೇ? ಮೇಲಿಂದ ಮೂರನೆಯ ಸಾಲಿನಲ್ಲೇ ಗೊತ್ತಾಯಿತು. ಮಂಜಿನ ತಿಂಗಳು, ಆದರೂ ಅವಳ ಇಪ್ಪತ್ತು ನಿಮಿಷ ಇರಲಿಲ್ಲ.

"ಏನೋ ಇದು? ಅದು ಸೇರಿಸಿಲ್ವಲ್ಲ."

ಪೆನ್ಸಿಲ್ ಪರದೆಯ ಕಡೆ ತಿರುಗಿಕೊಂಡ. "ಅಕ್ಕ, ಹವಾಮಾನದವರು ಆಕಾಶ ಶುಭ್ರ ಅಂತ ಕೊಟ್ಟಿದಾರೆ. ನಿಯಮದಲ್ಲಿ ಕೇಳಿದ್ದಕ್ಕಿಂತ ಒಂದು ತೊಟ್ಟೂ ಕಮ್ಮಿ ಹಾಕಿಲ್ಲ."

"ಸೇರಿಸಿದ್ರೆ?"

"ಸೇರಿಸಿದ್ರೆ ಎರಡು ಟನ್ ಜಾಸ್ತಿ. ಇವತ್ತು ಹೊಟ್ಟೆ ತುಂಬಾ ಸರಕಿದೆ. ಎರಡು ಟನ್ ಸರಕು ಇಳಿಸ್ಬೇಕು, ಅದಕ್ಕೂ ಮುಂಚೆ..." ಅವನು ಅವಳ ಕೈಯ ಚೀಲದ ಕಡೆ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, "ಅಕ್ಕ, ಒಂದು ದಿನ. ಒಂದೇ ಒಂದು ದಿನ ಕಣ್ಣು ಮುಚ್ಕೊಂಡು ಹೋಗಿ ಕೂತ್ಕೊಳ್ಳಿ. ಹಾಳೆ ನಂದು, ಸಹಿ ನಂದು" ಎಂದ.

ಪ್ರೀತಿಯಿಂದ ಮಾಡಿದ್ದು. ಅದು ಅವಳಿಗೆ ಅರ್ಥವಾಯಿತು, ಅರ್ಥವಾದ್ದರಿಂದಲೇ ಕಷ್ಟವಾಯಿತು. ಅವನ ಭುಜದ ಮೇಲಿಂದ ಬಾಗಿ ಆ ನಗರದ ಅಂಕಿಗಳನ್ನು ನೋಡಿದಳು. ಅಲ್ಲಿ ಗಾಳಿ ಅಲುಗುತ್ತಿರಲಿಲ್ಲ. ಸಮುದ್ರದ ನೀರು ತಣ್ಣಗಿತ್ತು, ಅದರ ಮೇಲಿನ ಗಾಳಿ ಒದ್ದೆಯಾಗಿತ್ತು. ಇಂಥ ದಿನಗಳಲ್ಲಿ ಹತ್ತಕ್ಕೆ ಎರಡು ಸಲ ಮಂಜು ಬರುತ್ತದೆ, ಎಂಟು ಸಲ ಬರುವುದಿಲ್ಲ. ಹವಾಮಾನದವರು ಎಂಟನ್ನು ನಂಬಿದ್ದರು. ಅವಳು ಹದಿನಾಲ್ಕು ವರ್ಷದಿಂದ ಆ ಎರಡರ ಹಿಂದೆ ಬಿದ್ದವಳು.

ಒಂದು ನಿಮಿಷ ಅವಳು ಅಲ್ಲೇ ನಿಂತಳು. ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದರೆ ಆಯಿತು. ಯಾವ ನಿಯಮವೂ ಮುರಿಯುವುದಿಲ್ಲ, ಯಾರೂ ಕೇಳುವುದಿಲ್ಲ, ಸಂಜೆ ಏಳೂಕಾಲಿಗೆ ತಂಗಿ ಎದುರಿಗೆ ಕೂತು ಮನಸಾರೆ ಬೈಯುತ್ತಾಳೆ. ಹೋಗಬೇಕು ಎಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ ಕಾಲು ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟೂಬಿಟ್ಟಿತು. ಇನ್ನೂರ ಎಂಬತ್ತು ಜನ ಆ ಹೊತ್ತಿಗೆ ಕೆಳಗೆ ಚೀಲ ತೂಗಿಸುತ್ತ ನಿಂತಿದ್ದರು. ಬೇರೆ ದಿನ ಅವರಿಗೆಲ್ಲ ಇಪ್ಪತ್ತು ನಿಮಿಷ ಹೆಚ್ಚಿಗೆ ಹಾಕಿ ಕಳಿಸುವುದು, ತಾನು ಹೋಗಬೇಕಾದ ದಿನ ತೆಗೆದುಬಿಡುವುದು, ಅದು ಹೇಗೆ? ಎಷ್ಟು ತಿರುಗಿಸಿ ನೋಡಿದರೂ ಅವಳಿಗೆ ಅದು ಗಂಟಲಲ್ಲಿಳಿಯಲಿಲ್ಲ.

"ಹಾಕು" ಎಂದಳು.

"ಅಕ್ಕಾ..."

"ಹಾಕೋ. ಬೇರೆ ಹಾಳೆ ತೆಗಿ."

ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಜಿನ ಮೇಲೆ ಕುಕ್ಕಿದ. "ನೀವು ಮನುಷ್ಯರೇ ಅಲ್ಲ" ಎಂದ. ಆದರೂ ಹಾಕಿದ. ಹತ್ತು ನಿಮಿಷದಲ್ಲಿ ಕೆಳಗಿನಿಂದ ಫೋನ್ ಬಂತು. ಸರಕು ಇಳಿಸುತ್ತಿದ್ದೇವೆ, ನೌಕರರ ಪಟ್ಟಿ ಮುಚ್ಚಿದ್ದೇವೆ, ಸಾರಿ ಮೇಡಂ ಎಂದರು. ಮೂರು ಸೀಟು ಖಾಲಿ ಇಟ್ಟುಕೊಂಡು ವಿಮಾನ ಏಳು ಮೂವತ್ತನಾಲ್ಕಕ್ಕೆ ಹೋಯಿತು. ಅವಳು ಅದನ್ನು ನೋಡಲೂ ಇಲ್ಲ, ಆ ಕೋಣೆಗೆ ಕಿಟಕಿ ಎಲ್ಲಿತ್ತು?

ತಂಗಿಗೆ ಹೇಳುವುದು ಬಾಕಿಯಿತ್ತು. ಮೆಟ್ಟಿಲಿನ ಮೂಲೆಗೆ ಹೋಗಿ ಫೋನ್ ಮಾಡಿದಳು. ಸುಳ್ಳು ಹೇಳಬಹುದಿತ್ತು, ಸೀಟು ಸಿಗಲಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಇದ್ದದ್ದನ್ನು ಇದ್ದ ಹಾಗೆ, ಮಂಜು, ಇಂಧನ, ತೂಕ, ಎಲ್ಲ ಒಪ್ಪಿಸಿದಳು.



"ಅಂದ್ರೆ," ಎಂದಳು ತಂಗಿ, "ನಿನ್ನನ್ನು ನೀನೇ ಇಳಿಸ್ಕೊಂಡೆ."

"ಹ್ಞೂಂ."

"ಬರದೇ ಇರೋ ಮಂಜಿಗೆ."

"ಬರಬಹುದು. ಬರಬಹುದು ಅಂತ..."

"ನಾನು ಇಲ್ಲಿ ಒಂದು ವಾರದಿಂದ ಬಾಯಿ ಕಟ್ಕೊಂಡು ಕೂತಿದೀನಿ ಅಕ್ಕ. ಒಂದು ವಾರ! ನನ್ನ ಕಂಡವರು ನಂಬ್ತಾರಾ? ನಿನಗೆ ಯಾರೋ ಊರವರು ಮುಖ್ಯ. ಅವರ ಪ್ರಾಣ ಕಾಯೋಕೆ ಪೈಲಟ್ ಇದ್ದ, ಕಂಪನಿ ಇತ್ತು, ನಿಯಮ ಇತ್ತು. ನನಗೆ ಯಾರಿದ್ರು? ನೀನೊಬ್ಬಳು." ಸ್ವರ ಕಿತ್ತುಹೋಯಿತು. ಕೆಮ್ಮಿದಳು. "ಇಡು ಫೋನು. ನಿನ್ನ ಹತ್ರ ಮಾತಾಡಿ ದಂಡ ಮಾಡ್ಕೊಳ್ಳೋಷ್ಟು ಗಂಟಲು ನನ್ನ ಹತ್ರ ಇಲ್ಲ."

ಫೋನ್ ಕಟ್ಟಾಯಿತು. ಗಾಳಿಯಕ್ಕ ಮೆಟ್ಟಿಲ ಮೇಲೆ ಕೂತು ಸೀರೆಯ ಸೆರಗಿನಿಂದ ಮುಖ ಒತ್ತಿಕೊಂಡು ಅತ್ತಳು. ಮೇಲಿಂದ ಇಳಿದು ಬಂದ ಪೆನ್ಸಿಲ್ ಒಂದು ಲೋಟ ಟೀ ಅವಳ ಪಕ್ಕದಲ್ಲಿಟ್ಟು ಹೋದ.

ಮನೆಗೆ ಹೋಗು ಎಂದರೂ ಅವಳು ಹೋಗಲಿಲ್ಲ. ರಜೆ ಹಾಕಿದವಳು ರಜೆಯ ದಿನ ತನ್ನದೇ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತಳು. ಪರದೆಯ ಮೇಲೆ ವಿಮಾನ ಒಂದು ಚಿಕ್ಕ ಹಳದಿ ಗುರುತಾಗಿ ತೆವಳುತ್ತಿತ್ತು. ಏಳು ಸಾವಿರ ಕಿಲೋಮೀಟರ್ ಪರದೆಯ ಮೇಲೆ ಒಂದು ಗೇಣು. ಆ ಗೇಣನ್ನು ಅಷ್ಟು ನಿಧಾನವಾಗಿ ಅವಳು ಎಂದೂ ನೋಡಿರಲಿಲ್ಲ. ಬೇರೆ ದಿನ ಹಾಳೆ ಕೊಟ್ಟರೆ ಮುಗಿಯಿತು, ಮುಂದಿನ ವಿಮಾನ, ಮುಂದಿನ ಹಾಳೆ. ಆ ಎಂಟು, ಒಂಬತ್ತು ಗಂಟೆಗಳನ್ನು ಅವಳು ಎಷ್ಟು ಸಾವಿರ ಸಲ ಬರೆದಿರಬಹುದು! ಅವನ್ನು ಪೂರ್ತಿ ಕೂತು ಕಳೆದದ್ದು ಅಂದೇ.

ಮಂಜು ಬರಲಿ ಎಂದು ಅವಳು ಬೇಡಿಕೊಂಡದ್ದೂ ನಿಜ. ನಾಚಿಕೆಯಾದರೂ ನಿಜ. ಬಂದುಬಿಡಲಿ, ವಿಮಾನ ಹತ್ತು ಸುತ್ತು ಹೊಡೆಯಲಿ, ಆ ಇಪ್ಪತ್ತು ನಿಮಿಷ ಕೆಲಸಕ್ಕೆ ಬರಲಿ, ತಂಗಿಗೆ ಹೇಳಲು ಒಂದು ಕಾರಣ ಸಿಗಲಿ. ಮರುಕ್ಷಣವೇ, ಇನ್ನೂರ ಎಂಬತ್ತು ಜನರ ಮೇಲೆ ಹೀಗೂ ಬಯಸುತ್ತಾರೆಯೇ ಎಂದು ತನ್ನನ್ನೇ ಬೈದುಕೊಂಡಳು. ಮಧ್ಯಾಹ್ನ ಮೂರಾಯಿತು. ಅರ್ಧ ಗಂಟೆಗೊಮ್ಮೆ ಆ ನಗರದ ವಿಮಾನ ನಿಲ್ದಾಣದಿಂದ ಹವಾಮಾನದ ಸಾಲು ಬಂದು ಬೀಳುತ್ತಿತ್ತು. ಪ್ರತಿ ಸಲವೂ ಅದೇ: ನೋಟ, ಅಂದರೆ ಕಣ್ಣಿಗೆ ಕಾಣುವ ದೂರ, ಹತ್ತು ಕಿಲೋಮೀಟರಿಗೂ ಹೆಚ್ಚು, ಮೋಡವಿಲ್ಲ.

ನಾಲ್ಕೂ ಒಂಬತ್ತಕ್ಕೆ ವಿಮಾನ ಇಳಿಯಿತು. ಒಂದು ಸುತ್ತೂ ಹೊಡೆಯಲಿಲ್ಲ. ಬಿಸಿಲಿಳಿದ ತಿಳಿ ಸಂಜೆಯಲ್ಲಿ ಮನೆಗೆ ಬಂದ ಹಾಗೆ ಬಂದು ಇಳಿಯಿತು. ಹೆಚ್ಚಿಗೆ ಹಾಕಿದ ಇಂಧನ ಟ್ಯಾಂಕಿನಲ್ಲಿ ಹಾಗೇ ಉಳಿದಿತ್ತು. ಪೆನ್ಸಿಲ್ ಅವಳ ಮುಖ ನೋಡಲಿಲ್ಲ.

ನಾಲ್ಕೂವರೆಗೆ ಫೋನ್ ಬಂತು. ತಂಗಿಯದು. ಅಲ್ಲಿ ಆಗ ಆರೂವರೆ, ಮಾತ್ರೆಗೆ ಇನ್ನೂ ಹೊತ್ತಿತ್ತು. ಅಕ್ಕ ಬೈಗುಳಕ್ಕೆ ಸಿದ್ಧಳಾಗಿ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಅಕ್ಕಾ." ಸ್ವರ ಬೆಳಗ್ಗೆಗಿಂತ ಸಣ್ಣದಾಗಿತ್ತು, ಆದರೆ ಕೋಪವಿರಲಿಲ್ಲ. "ವಿಮಾನ ಇಳೀತಾ?"

"ಇಳೀತು."

"ದೇವರು ದೊಡ್ಡವನು. ಇಲ್ಲಿ ಮಂಜು ಹೇಗೆ ಸುರೀತಿದೆ ಗೊತ್ತಾ? ನಾಲ್ಕನೇ ಮಹಡಿ ಕಿಟಕಿ ಹತ್ರ ಕೂತಿದೀನಿ, ಎದುರಿನ ಕಟ್ಟಡವೇ ಕಾಣ್ತಿಲ್ಲ. ಬೀದಿ ದೀಪ ಎಲ್ಲ ಮುಚ್ಚಿಹೋಗಿದೆ. ನರ್ಸು ಹೇಳ್ತಿದ್ಲು, ಈ ವರ್ಷ ಇಂಥ ಮಂಜು ನೋಡೇ ಇಲ್ವಂತೆ."

ಗಾಳಿಯಕ್ಕನ ಎದುರಿಗೇ ಪರದೆಯಿತ್ತು. ಆಗ ತಾನೇ ಹೊಸ ಸಾಲು ಬಂದು ಬಿದ್ದಿತ್ತು. ನೋಟ ಹತ್ತು ಕಿಲೋಮೀಟರಿಗೂ ಹೆಚ್ಚು. ಮೋಡವಿಲ್ಲ. ಆಸ್ಪತ್ರೆಗೂ ಆ ನಿಲ್ದಾಣಕ್ಕೂ ನಡುವೆ ಹತ್ತು ಕಿಲೋಮೀಟರೂ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ಕೇಳ್ತಿದೀಯೇನೇ?" ಎಂದಳು ತಂಗಿ. ಉಸಿರು ಎಳೆದುಕೊಂಡು, ಒಂದೊಂದೇ ಮಾತನ್ನು ತೂಗಿ ಇಟ್ಟಂತೆ ಹೇಳಿದಳು. "ನೀನು ಮಾಡಿದ್ದು ಸರಿ. ನಿನಗೆ ಆಕಾಶ ಗೊತ್ತು, ನನಗೇನು ಗೊತ್ತು? ಬೆಳಗ್ಗೆ ಬಾಯಿಗೆ ಬಂದಿದ್ದು ಅಂದೆ, ಹೊಟ್ಟೆಗೆ ಹಾಕ್ಕೋ. ಅಷ್ಟು ಜನ ಮನೆ ಸೇರ್ಕೊಂಡ್ರಲ್ಲ, ಸಾಕು."

 ಒಂದು ವಾರ ಯಾರೊಂದಿಗೂ ಆಡದೆ ಉಳಿಸಿಟ್ಟ ಸ್ವರವನ್ನು ತಂಗಿ ಇದಕ್ಕೆ ಖರ್ಚು ಮಾಡುತ್ತಿದ್ದಳು. ಪರದೆ ಆರಿಸೋಣ ಎಂದು ಕೈ ಹೋಯಿತು, ಆರಿಸಲಿಲ್ಲ.

"ಮಂಜು ತುಂಬಾ ಇದೆಯೇನೇ?" ಎಂದು ಕೇಳಿದಳು.

"ಏನೂ ಕಾಣ್ತಿಲ್ಲ ಕಣೇ" ಎಂದಳು ತಂಗಿ.

"ಕಿಟಕಿ ಹಾಕ್ಕೋ ಹಾಗಾದ್ರೆ. ಶೀತ ಆಗುತ್ತೆ."

"ಹಾಕ್ಕೋತೀನಿ. ನಾಳೆ ಬಾ. ನಾಳೆಯಿಂದ ನೀನೇ ಮಾತಾಡ್ಬೇಕು."